ಚನ್ನಬಸವ್ವನ ಆರಾಮ

ಎಷ್ಟು ಕೂಸುಗಳಿಗೆ ಎರೆದಿದ್ದಳೋ ಚನ್ನಬಸವ್ವನಿಗೆ ನೆನಪಿರಲಿಲ್ಲ. ಆದರೆ ಒಂದು ಕೂಸೂ ಅವಳ ಕಾಲ ಮೇಲಿನಿಂದ ಜಾರಿರಲಿಲ್ಲ. ಅದು ಮಾತ್ರ ನೆನಪಿತ್ತು.

ಗಂಡ ತೀರಿದ ಮೇಲೆ ಬೈಲಹೊಂಗಲದಿಂದ ಪುಣೆಗೆ, ಮಗನ ಮನೆಗೆ ಬಂದು ಒಂಬತ್ತು ವರ್ಷವಾಗಿತ್ತು. ವಯಸ್ಸು ಅರವತ್ತೇಳು. ನಸುಕಿನಲ್ಲಿ ಎದ್ದು, ಹತ್ತಾರು ಸಂಸಾರಗಳು ಬಾಡಿಗೆಗಿದ್ದ ಆ ವಾಡೆಯ ಅಂಗಳದ ನಳದಿಂದ ಎರಡು ಕೊಡ ನೀರು ತರುವಳು. ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಪೂಜೆಗೆ ಕೂತರೆ ಅಡುಗೆಮನೆಯಲ್ಲಿ ಸೊಸೆ ಕಾಶವ್ವ ಕೂಡ ಪಾತ್ರೆಯ ಸದ್ದು ಮಾಡುತ್ತಿರಲಿಲ್ಲ. ಪೂಜೆಯಾದ ಮೇಲೆ ಒಂದು ರೊಟ್ಟಿ, ಸೇಂಗಾ ಚಟ್ನಿ. ಆಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟಳೆಂದರೆ ರವಿವಾರ ಪೇಠೆ, ಭವಾನಿ ಪೇಠೆ, ಒಮ್ಮೊಮ್ಮೆ ಕ್ಯಾಂಪಿನವರೆಗೂ ನಡಿಗೆ. ಬೆಳಗಾವಿ ಕಡೆಯ ಅಂಗಡಿಕಾರರು, ಧಾರವಾಡ ಕಡೆಯ ಕಾರಕೂನರು, ಯಾರ ಮನೆಯಲ್ಲಿ ಬಾಣಂತಿಯಿದ್ದರೂ ಅವಳಿಗೇ ಕರೆ ಬರುತ್ತಿತ್ತು. ಎರೆದ ಮನೆಯವರು ಒಂದು ಕುಬಸದ ಖಣವನ್ನೋ ಒಂದು ಸೇರು ಜೋಳವನ್ನೋ ಉಡಿಗೆ ಹಾಕುತ್ತಿದ್ದರು. ತನ್ನ ಎಣ್ಣೆ, ತನ್ನ ವಿಭೂತಿ, ಮೂಗಿಗೇರಿಸುವ ಒಂದು ಚಿಟಿಕೆ ತಪಕೀರು ಅವಳಿಗೆ ಅದರಿಂದಲೇ ನಡೆಯುತ್ತಿತ್ತು.

"ಟಾಂಗಾದಾಗ ಹೋಗವಾ, ಬಿಸಲು ಭಾಳ ಅದ," ಎಂದು ಯಾರಾದರೂ ಅಂದರೆ, "ಟಾಂಗಾದಾಗ ಕುಂತ್ರ ಕಾಲು ನನ್ನನ್ನ ಮರ್ತ ಬಿಡ್ತಾವ," ಎನ್ನುವಳು.

ಬಚ್ಚಲಿನಲ್ಲಿ ಮಣೆಯ ಮೇಲೆ ಕೂತು, ಎರಡೂ ಕಾಲು ನೀಳವಾಗಿ ಚಾಚಿ, ಕೂಸನ್ನು ಅದರ ಮೇಲೆ ಬೋರಲು ಮಲಗಿಸಿ, ಎಣ್ಣೆ ತಿಕ್ಕಿ ಬಿಸಿನೀರು ಹೊಯ್ಯುವಾಗ ಅವಳು ಹೇಳುವ ಪದ ಒಂದಿತ್ತು. ತಾಯಿ ಹೇಳಿದ್ದಲ್ಲ, ಯಾರೂ ಕಲಿಸಿದ್ದಲ್ಲ. ಎರೆಯುತ್ತ ಎರೆಯುತ್ತ ಅವಳ ಬಾಯಲ್ಲಿ ತಾನೇ ಕೂಡಿಕೊಂಡದ್ದು:

ಕಾಲೆಂಬ ತೊಟ್ಟಿಲಕ ಕೈಯೆಂಬ ಹಗ್ಗವು
ನೀರೆಂಬ ನೆರಳು ಮೈಮ್ಯಾಲ | ನನ ಕೂಸ
ಏಳಪ್ಪ ಎಳಿ ಬಿದಿರ ಎದ್ದಂಗ

ಮಗ ಶಿವಪುತ್ರಪ್ಪ ಕ್ಯಾಂಪಿನ ಒಂದು ಸರಕಾರಿ ಕಚೇರಿಯಲ್ಲಿ ಕಾರಕೂನ. ಆ ವರ್ಷ ಸಂಕ್ರಾಂತಿಯ ಹೊತ್ತಿಗೆ ಹೆಡ್ ಕಾರಕೂನನಾದ. ಒಂದು ರವಿವಾರ ಅವನ ಮೇಲಧಿಕಾರಿ, ಹುಬ್ಬಳ್ಳಿ ಕಡೆಯ ಈರಬಸಪ್ಪನವರು, ಇನ್ನಿಬ್ಬರೊಡನೆ ಮನೆಗೆ ಬಂದರು. ಕಾಶವ್ವ ಪೇಢೆ, ಅವಲಕ್ಕಿ, ಚಹಾ ಕೊಟ್ಟಳು. ಅದೇ ಹೊತ್ತಿಗೆ ಚನ್ನಬಸವ್ವ ಯಾರದೋ ಮನೆಯ ಬಚ್ಚಲಿನಿಂದ ಒದ್ದೆ ಸೆರಗಿನಲ್ಲಿ, ಔಡಲೆಣ್ಣೆಯ ವಾಸನೆಯೊಂದಿಗೆ ಒಳಗೆ ಬಂದಳು.

ಈರಬಸಪ್ಪನವರು ಕಪ್ಪು ಕೆಳಗಿಟ್ಟು ಎದ್ದೇ ನಿಂತರು. "ಅರೆ! ಎರಿಯೋ ಅಮ್ಮಾರು! ನಮ್ಮ ಮೊಮ್ಮಗಗ ಎರದವ್ರು ನೀವ ಅಲ್ಲೇನ್ರಿ? ಇಲ್ಲಿ ಯಾರ ಕೂಸಿಗೆ ಬಂದೀರಿ?"

ಚನ್ನಬಸವ್ವ ಮಗನ ಕಡೆ ಕೈ ತೋರಿಸಿದಳು. "ಇದ ನೋಡ್ರಿ ನನ್ನ ಕೂಸು. ಎರದೂ ಎರದೂ ಇಷ್ಟು ದೊಡ್ಡದು ಮಾಡೀನಿ."

ಎಲ್ಲರೂ ನಕ್ಕರು. ಈರಬಸಪ್ಪನವರು ಕಣ್ಣಲ್ಲಿ ನೀರು ಬರುವಂತೆ ನಕ್ಕು, ಬಗ್ಗಿ ಅವಳಿಗೆ ಶರಣು ಮಾಡಿದರು. ಶಿವಪುತ್ರಪ್ಪನೂ ನಕ್ಕ. ಆದರೆ ಅವನ ಕಿವಿ ಕೆಂಪಾಗಿತ್ತು.

ಅಂದು ಸಂಜೆ ಊಟಕ್ಕೆ ಕೂತಾಗ ಅವನು ರೊಟ್ಟಿ ಮುರಿಯದೆ ಹೇಳಿದ, "ನಾಳಿಂದ ಬಿಟ್ಟಬಿಡು ಅವ್ವಾ."

"ಏನ ಬಿಡ್ಲಿ?"

"ಮಂದಿ ಮನಿ ಬಚ್ಚಲ."

"ಯಾಕಪಾ? ನನ್ನ ಕಾಲು ಗಟ್ಟಿ ಅದಾವ."

"ಕಾಲಿನ ಮಾತಲ್ಲ, ಹೆಸರಿನ ಮಾತು. ಸಾಹೇಬ್ರ ಮನ್ಯಾಗ ನೀ ನೀರು ಹೊಯ್ಕೋತ ಕುಂತ್ರ ನಾ ಕಚೇರ್ಯಾಗ ತಲಿ ಹೆಂಗ ಎತ್ತಲಿ?"

"ಆ ಸಾಹೇಬನ ಮೊಮ್ಮಗನ ಬೆನ್ನು ತಿಕ್ಕಿ ನೆಟ್ಟಗ ಮಾಡಿದಾಕಿ ನಾ. ತಲಿ ಎತ್ತಾಕ ಮೊದಲ ಬೆನ್ನು ನೆಟ್ಟಗ ಇರಬೇಕಾಗ್ತದ, ಶಿವಪುತ್ರಾ."

ಕಾಶವ್ವ ಸೆರಗು ಬಾಯಿಗೆ ಅಡ್ಡ ಹಿಡಿದು ಒಲೆಯ ಕಡೆ ತಿರುಗಿದಳು. ಶಿವಪುತ್ರಪ್ಪ ತಾಟು ಸರಿಸಿ ಎದ್ದುಹೋದ.

"ಊಟ ಬಿಟ್ಟು ಏಳಬ್ಯಾಡಪಾ," ಎಂದು ಚನ್ನಬಸವ್ವ ಕೂಗಿದಳು. "ಸಿಟ್ಟು ನನ್ನ ಮ್ಯಾಲ ಇರ್ಲಿ, ರೊಟ್ಟಿ ಮ್ಯಾಲ ಬ್ಯಾಡ."

ಮರುದಿನವೂ ಅವಳು ಹೋದಳು. ಅದರ ಮರುದಿನವೂ.

ಶಿವರಾತ್ರಿ ಕಳೆದ ನಾಲ್ಕನೆಯ ದಿನ ನಳದ ಹತ್ತಿರದ ಪಾಚಿಗಲ್ಲಿನ ಮೇಲೆ ಅವಳ ಕಾಲು ಜಾರಿತು. ಮೊಣಕೈ ತರಚಿತು, ತಾಮ್ರದ ಕೊಡಕ್ಕೆ ನೆಗ್ಗು ಬಿತ್ತು. ಅವಳು ಎದ್ದು, ನೆಗ್ಗಿದ ಕೊಡವನ್ನೇ ಮತ್ತೆ ತುಂಬಿಸಿಕೊಂಡು ಮನೆಗೆ ಬಂದಳು. ಆದರೆ ವಾಡೆಯ ಹೆಂಗಸರು ಅಷ್ಟರಲ್ಲಿ ಗದ್ದಲವೆಬ್ಬಿಸಿದ್ದರು. ಮುದುಕಿ ಬಿದ್ದಳು, ಮಗ ಹೆಡ್ ಕಾರಕೂನ, ಮುದುಕಿ ನೀರು ಹೊರುತ್ತಾಳೆ ಎಂದು ಮರಾಠಿಯಲ್ಲಿ ಒಬ್ಬರಿಗೊಬ್ಬರು ಹೇಳಿದ್ದು ಕಚೇರಿಗೆ ಹೊರಟಿದ್ದ ಶಿವಪುತ್ರಪ್ಪನ ಕಿವಿಗೂ ಬಿತ್ತು. ಅವನು ಡಾಕ್ಟರರನ್ನು ಕರೆತಂದ.

ಡಾಕ್ಟರರಿಗೆ ಕನ್ನಡ ಬಾರದು. ಚನ್ನಬಸವ್ವನಿಗೆ ಬರುತ್ತಿದ್ದ ಮರಾಠಿ ಸಂತೆಯಷ್ಟು: ಎಷ್ಟು, ಬೇಡ, ಕೊಡು. ಅವರು ಮೊಣಕೈಗೆ ಔಷಧಿ ಹಚ್ಚಿ, ನಾಡಿ ಹಿಡಿದು, ಜೋರಾಗಿ ಕೇಳಿದರು, "ಆಜೀ, ಕಾಯ ಪಾಹಿಜೆ ತುಮ್ಹಾಲಾ?"

ಏನು ಬೇಕು ನಿಮಗೆ ಎಂದು ಅವರ ಪ್ರಶ್ನೆ. ಹೇಗಿದ್ದೀರಿ ಎಂದು ಕೇಳಿದರೆಂದೇ ಅವಳು ತಿಳಿದಳು. ಡಾಕ್ಟರು ಮತ್ತೇನು ಕೇಳಿಯಾರು? ಅವರನ್ನು ಬೇಗ ಸಾಗಹಾಕಲು ಕೈಯಾಡಿಸಿ ಹೇಳಿದಳು, "ಆರಾಮ, ಆರಾಮ."

ನಮ್ಮ ಕಡೆಯ ಬಾಯಲ್ಲಿ ಆರಾಮ ಎಂದರೆ ನೆಟ್ಟಗಿದ್ದೇನೆ, ಏನೂ ಆಗಿಲ್ಲ ಎಂದು. ಏನು ಬೇಕು ಎಂದು ಕೇಳಿದ್ದ ಡಾಕ್ಟರರಿಗೆ ಅದು ವಿಶ್ರಾಂತಿ ಬೇಕು ಎಂದು ಕೇಳಿಸಿತು.

"ಪಾಹಾ, ತ್ಯಾಂನಾಚ ಆರಾಮ ಪಾಹಿಜೆ," ಎಂದು ಅವರು ಶಿವಪುತ್ರಪ್ಪನ ಕಡೆ ನೋಡಿ ನಕ್ಕರು. ನೋಡಿ, ಆಕೆಗೇ ವಿಶ್ರಾಂತಿ ಬೇಕಂತೆ, ಮತ್ತೆ ಕೊಡಿ, ನೀರು ಹೊರುವುದು, ತಿರುಗುವುದು, ಎಲ್ಲ ಬಂದ್.

ಶಿವಪುತ್ರಪ್ಪ ಪುಣೆಗೆ ಬಂದು ಇಪ್ಪತ್ತೈದು ವರ್ಷ. ಮನೆಯಲ್ಲಿ ಕನ್ನಡ, ಹೊಸಿಲು ದಾಟಿದರೆ ಮರಾಠಿ. ಅವನು ಬಾಯಿ ತೆರೆದ. ಬಾಗಿಲ ಹತ್ತಿರ ನಿಂತಿದ್ದ ಕಾಶವ್ವ ಅವನನ್ನೇ ನೋಡುತ್ತಿದ್ದಳು. ಅವನು ಬಾಯಿ ಮುಚ್ಚಿದ. ಡಾಕ್ಟರರ ಚೀಲ ಎತ್ತಿಕೊಂಡು ಅವರ ಜೊತೆ ಬೀದಿಯವರೆಗೆ ಹೋದ.

ಆ ವಾರವೇ ಮನೆಗೆ ಕಬ್ಬಿಣದ ಮಂಚ ಬಂತು. ಕಿಟಕಿಯ ಹತ್ತಿರ ಹಾಕಿಸಿದರು. ಕಂಬಳಿಯ ಮೇಲೆ ಮಲಗುತ್ತಿದ್ದವಳನ್ನು ಅದರ ಮೇಲೆ ಕೂರಿಸಿದರು. ಮುಂದಿನ ವಾರ ಕ್ಯಾಂಪಿನಿಂದ ಒಂದು ಕೈಗೋಲು ಬಂತು, ಹಿಡಿಕೆಗೆ ಹಿತ್ತಾಳೆ ಕಟ್ಟಿದ್ದು.

"ಇದ್ಯಾರಿಗೆ?" ಎಂದು ಚನ್ನಬಸವ್ವ ಕೇಳಿದಳು.

"ನಿನಗವ್ವಾ."

"ನನಗ್ಯಾಕ? ಬೀದ್ಯಾಗ ನಾಯಿ ಹೆಚ್ಚಾಗ್ಯಾವೇನು?"

ಸೋಮವಾರಗಳಲ್ಲಿ ಅವಳು ನದಿಯ ದಂಡೆಯ ಓಂಕಾರೇಶ್ವರನ ಗುಡಿಗೆ ನಡೆದು ಹೋಗುತ್ತಿದ್ದಳು. ಒಂದು ಸೋಮವಾರ ಶಿವಪುತ್ರಪ್ಪ ಟಾಂಗಾ ತರಿಸಿದ. ಮುಂದಿನ ಸೋಮವಾರ ಬಿಸಿಲು ಹೆಚ್ಚೆಂದ. ಅದರ ಮುಂದಿನದಕ್ಕೆ, "ಶಿವ ಎಲ್ಲೂ ಓಡಿ ಹೋಗಂಗಿಲ್ಲ, ಮನ್ಯಾಗ ಕುಂತ ಧ್ಯಾನ ಮಾಡು," ಎಂದ.

"ಶಿವ ಓಡಿ ಹೋಗಂಗಿಲ್ಲ. ಕಾಲು ಓಡಿ ಹೋಗ್ತಾವ," ಎಂದಳು ಅವಳು.

ಅವಳನ್ನು ಕರೆಯಲು ಜನ ಬರುತ್ತಲೇ ಇದ್ದರು. ಭವಾನಿ ಪೇಠೆಯ ಬೆಲ್ಲದ ಅಂಗಡಿಯ ಮಲಕಪ್ಪನೇ ಖುದ್ದಾಗಿ ಬಂದ. ಅವನ ಸೊಸೆಗೆ ಗಂಡು ಕೂಸು. ಶಿವಪುತ್ರಪ್ಪ ಬಾಗಿಲಲ್ಲೇ ನಿಲ್ಲಿಸಿ ಹೇಳಿದ, "ಅವ್ವಗ ಆರಾಮಿಲ್ಲರಿ."

ಮಂಚದ ಮೇಲೆ ಕೂತಿದ್ದ ಚನ್ನಬಸವ್ವನಿಗೆ ಅದು ಕೇಳಿಸಿತು. ಅವಳು ಎದ್ದು ಬರುವಷ್ಟರಲ್ಲಿ ಮಲಕಪ್ಪ ಮೆಟ್ಟಿಲು ಇಳಿದಿದ್ದ.

"ಯಾರಿಗೋ ಆರಾಮಿಲ್ಲ?"

"ಒಳಗ ನಡಿ ಅವ್ವಾ."

"ನಾಡಿನ ತುಂಬ ನನ್ನ ಬ್ಯಾನಿ ಸಾರಾಕತ್ತಿಯಲ್ಲ, ಯಾವ ಬ್ಯಾನಿ ಅದು? ನನಗೂ ಒಂದೀಟು ಹೇಳು, ಪರಿಚಯ ಮಾಡ್ಕೋತೀನಿ."

ಅಂದು ಅವನು ಕಚೇರಿಗೆ ಹೋದ ಮೇಲೆ ಕಾಶವ್ವ ನೀರು ತಂದು ತಂದು ಬೆವತು, ಕೊಡವನ್ನು ಕುಕ್ಕಿ ಇಟ್ಟಳು. ನೀರು, ರೊಟ್ಟಿ, ಬಟ್ಟೆ, ಗಿರಣಿಗೆ ಜೋಳ ಒಯ್ಯುವುದು, ಅತ್ತೆ ಅರ್ಧ ಮಾಡುತ್ತಿದ್ದ ಕೆಲಸವೆಲ್ಲ ಈಗ ಅವಳ ಮೇಲೇ ಬಿದ್ದಿತ್ತು. ಸಂಜೆ ಗಂಡನ ಮುಂದೆ ಚಹಾ ಇಡುತ್ತ ಅಂದಳು, "ಮರ್ಯಾದಿ ನಿಮ್ಮದು, ಕೊಡ ನನ್ನದು. ಚೊಲೋ ಪಾಲು ಮಾಡೀರಿ."

"ಆಳು ಹಚ್ಚೋಣು."

"ಆಳು ಯಾಕ್ರಿ? ಡಾಕ್ಟರಗ ಅವತ್ತ ಒಂದು ಮಾತು ಹೇಳಿದ್ರ ಮುಗೀತಿತ್ತು. ಅತ್ತಿಯವ್ರು ನೆಟ್ಟಗ ಅದೀನಿ ಅಂದ್ರು. ಅವ ಬ್ಯಾರೆ ತಿಳದ. ನಿಮಗ ಗೊತ್ತಿತ್ತು."

ಶಿವಪುತ್ರಪ್ಪ ಚಹಾ ಬಸಿಗೆ ಸುರುವಿಕೊಂಡ. "ವಯಸ್ಸಾಗೇದ. ಕುಂತ್ರ ತಪ್ಪೇನು? ಊರ ಮಂದಿ ತಾಯಿನ್ನ ದುಡಸ್ತಾರ. ನಾ ಕೂಡಿಸಿ ಉಣಸ್ತೀನಿ."

ಕಾಶವ್ವ ಕೊಡ ಎತ್ತಿಕೊಂಡು ನಳಕ್ಕೆ ಇಳಿದಳು. ಎರಡು ವಾರದಲ್ಲಿ ಅವಳಿಗೂ ಅದೇ ರೂಢಿಯಾಯಿತು. ಅತ್ತೆ ಒಲೆಯ ಹತ್ತಿರ ಬಂದರೆ, "ಕುಂದರ್ರಿ ಅತ್ತೀ, ನಡುವ ಬರಬ್ಯಾಡ್ರಿ," ಎನ್ನತೊಡಗಿದಳು. ರೊಟ್ಟಿ ಮಂಚಕ್ಕೇ ಹೋಗುತ್ತಿತ್ತು. ಆಮೇಲೆ ಹಾಲಲ್ಲಿ ನೆನೆಸಿದ ರೊಟ್ಟಿ ಹೋಯಿತು.

"ನನಗ ಹಲ್ಲು ಅದಾವಲ್ಲ ಕಾಶೀ."

"ಇರ್ಲಿ ತಗೋರಿ, ಹಗರ ಆಗ್ತದ."

ಯುಗಾದಿ ಕಳೆದು ಕಾಶವ್ವನ ಮಗಳು ಸುಲಭಾ ಚೊಚ್ಚಲ ಬಾಣಂತನಕ್ಕೆ ಸೊಲ್ಲಾಪುರದಿಂದ ಬಂದಳು. ಪುಣೆಯಲ್ಲೇ ಹುಟ್ಟಿ ಬೆಳೆದವಳು, ಹದಿನೆಂಟು ತುಂಬಿತ್ತು. ನಮ್ಮವರ ರೂಢಿಯಂತೆ ಅವಳು ಅಜ್ಜಿಯನ್ನು ಆಯೀ ಎಂದು ಕರೆಯುತ್ತಿದ್ದಳು. ಮರಾಠಿಯಲ್ಲಿ ಆಯೀ ಎಂದರೆ ತಾಯಿ. ವಾಡೆಯ ಮರಾಠಿ ಹೆಂಗಸರು ಮುದುಕಿಯನ್ನು ಅವಳ ತಾಯಿಯೆಂದು ತಿಳಿದು, ಈ ವಯಸ್ಸಿನ ತಾಯಿಗೆ ಇಷ್ಟು ಎಳೆಯ ಮಗಳೇ ಎಂದು ಬೆರಗಾಗುತ್ತಿದ್ದ ಕಾಲವೊಂದಿತ್ತು. ಚನ್ನಬಸವ್ವ ಆಗೆಲ್ಲ, "ಹೌದು ಅಂತ ಹೇಳಬಿಡವಾ, ನನ್ನ ವಯಸ್ಸಿಷ್ಟು ಇಳೀಲಿ," ಎಂದು ನಗುತ್ತಿದ್ದಳು.

ಈಗ ಸುಲಭಾ ಬಾಗಿಲಲ್ಲೇ ನಿಂತುಬಿಟ್ಟಳು. "ಆಯೀ, ಇದೇನ ಹಿಂಗ ಕುಂತೀ?"

"ಕೂಡಿಸ್ಯಾರವಾ."

"ನನ್ನ ಕೂಸಿಗೆ ನೀನ ಎರೀಬೇಕು. ಬ್ಯಾರೆ ಯಾರ ಕೈಗೂ ಕೊಡಂಗಿಲ್ಲ, ಈಗ ಹೇಳಿಟ್ಟೀನಿ."

"ನಾ ಎರೀದ ಮತ್ತ್ಯಾರ ಎರೀತಾರ?" ಎಂದಳು ಚನ್ನಬಸವ್ವ. ಎಷ್ಟೋ ದಿನದ ಮೇಲೆ ಅವಳ ದನಿ ಎತ್ತರವಾಗಿತ್ತು. ಮರುದಿನದಿಂದ, ಶಿವಪುತ್ರಪ್ಪ ಕಚೇರಿಗೆ ಹೋದ ಮೇಲೆ, ಮಂಚದಿಂದ ಬಾಗಿಲಿಗೆ, ಬಾಗಿಲಿಂದ ಮಂಚಕ್ಕೆ ನಡೆಯತೊಡಗಿದಳು. ನಾಲ್ಕು ಸುತ್ತಿಗೆ ಏದುಸಿರು ಬಂತು. ಅವಳಿಗೆ ಆಶ್ಚರ್ಯವಾಯಿತು. ಕ್ಯಾಂಪಿನವರೆಗೆ ಹೋಗಿ ಬಂದಾಗಲೂ ಬಾರದ ಉಸಿರು ಇದು.

ಡಾಕ್ಟರರ ಕಥೆಯನ್ನು ತಾಯಿಯಿಂದ ಕೇಳಿದ ಸುಲಭಾ ಅದನ್ನು ನಗೆಚಾಟಿಕೆಯಂತೆ ಅಜ್ಜಿಗೆ ಹೇಳಿಬಿಟ್ಟಳು. ಚನ್ನಬಸವ್ವ ನಗಲಿಲ್ಲ. ಮಗ ಮನೆಗೆ ಬಂದು ರುಮಾಲು ತೆಗೆಯುವವರೆಗೂ ಕಾದಳು.

"ಶಿವಪುತ್ರಾ. ಆ ಡಾಕ್ಟರಗ ನೀ ಯಾಕ ಹೇಳಲಿಲ್ಲ?"

"ಏನ ಹೇಳಬೇಕಿತ್ತು?"

"ನಮ್ಮವ್ವ ನೆಟ್ಟಗ ಅದೀನಿ ಅಂದಳು ಅಂತ."

ಅವನು ಸುಲಭಾಳ ಕಡೆ, ಆಮೇಲೆ ಕಾಶವ್ವನ ಕಡೆ ನೋಡಿದ. ಇಬ್ಬರೂ ತಲೆಯೆತ್ತಲಿಲ್ಲ. "ಎರಡೂ ಒಂದ ಅವ್ವಾ. ಆರಾಮ ಇರಬೇಕಂದ್ರ ಆರಾಮ ತಗೋಬೇಕು."

"ಒಂದ ಅಲ್ಲಪಾ. ಒಂದು ನನ್ನದು. ಇನ್ನೊಂದು ನೀ ಕೊಟ್ಟದ್ದು."

"ನಿನಗೇನ ಕಡಿಮಿ ಮಾಡೀನಿ? ಮಂಚ ಇಲ್ಲೇನು, ಹಾಲಿಲ್ಲೇನು? ಬಿದ್ದು ಟೊಂಕಾ ಮುರಕೊಂಡಿದ್ರ ಯಾರ ಮಾಡ್ತಿದ್ರು?"

"ಬೀಳಲಿಲ್ಲಲ್ಲೋ!"

"ಬಿದ್ದಿ. ಇಡೀ ವಾಡೆ ನೋಡೇದ."

"ಎದ್ದದ್ದನ್ನ ಯಾರೂ ನೋಡಲಿಲ್ಲೇನು?"

ಅವನು ಕೈಕಾಲು ತೊಳೆಯಲು ಹೋದ. ಚನ್ನಬಸವ್ವ ಅಂದು ಹಾಲಿನ ಬಟ್ಟಲನ್ನು ಮುಟ್ಟಲಿಲ್ಲ. ಮರುದಿನ ಹಟ ಹಿಡಿದು ಕೊಡ ತೆಗೆದುಕೊಂಡು ಅಂಗಳಕ್ಕೆ ಇಳಿದಳು. ತುಂಬಿದ ಕೊಡ ಟೊಂಕಕ್ಕೆ ಏರಲಿಲ್ಲ. ಅರ್ಧ ಚೆಲ್ಲಿ ಎತ್ತಿದಳು, ಮೊಣಕಾಲು ಅದುರಿದವು. ನೆಗ್ಗಿದ ಕೊಡವನ್ನು ಕಲ್ಲಿನ ಮೇಲೇ ಬಿಟ್ಟು, ಕಂಬ ಹಿಡಿದುಕೊಂಡು ಮೇಲೆ ಬಂದಳು. ಕಾಶವ್ವ ಸದ್ದಿಲ್ಲದೆ ಹೋಗಿ ಕೊಡ ತಂದಳು. ಆ ವಾರದಲ್ಲೇ ಮೊದಲ ಸಲ ಚನ್ನಬಸವ್ವ ಬಚ್ಚಲಿನಲ್ಲಿ ಕೂತವಳು ಏಳಲಾರದೆ ಸೊಸೆಯನ್ನು ಕರೆದಳು.

"ನನ್ನ ಕೈ ಹಿಡೀರಿ ಅತ್ತೀ," ಎಂದಳು ಕಾಶವ್ವ. ಚನ್ನಬಸವ್ವ ಗೋಡೆಯ ಕಡೆ ಮುಖ ಮಾಡಿ ಹಿಡಿದಳು.

ಮೂಲೆಯಲ್ಲಿದ್ದ ಕೈಗೋಲನ್ನು ತಾನೇ ಕೇಳಿ ತರಿಸಿಕೊಂಡದ್ದು ಅದರ ಮರುದಿನ.

ಜ್ಯೇಷ್ಠದ ಮೊದಲ ಮಳೆ ಬಿದ್ದ ದಿನ ಸುಲಭಾ ಹೆಣ್ಣು ಹಡೆದಳು. ಹೆರಿಗೆ ಸುಸೂತ್ರವಾಯಿತು. ಮೂರನೆಯ ದಿನ ಕೂಸಿಗೆ ಎಣ್ಣೆ ನೀರು. ಹಂಡೆಯ ಕೆಳಗೆ ಉರಿ ಹಾಕಿದರು. ಬೇವಿನ ಎಲೆ ಹಾಕಿದ ನೀರು ಕುದಿದು ಮನೆಯೆಲ್ಲ ಕಹಿ ವಾಸನೆ ಹರಡಿತು. ಕೋಣೆಯಿಂದ ಸುಲಭಾ ಕೂಗಿದಳು, "ಆಯೀನ್ನ ಕರೀರಿ. ಆಯೀ ಬರದ ಕೂಸು ಕೊಡಂಗಿಲ್ಲ."

"ಹಟ ಮಾಡಬ್ಯಾಡ ಸುಲೀ," ಎಂದ ಶಿವಪುತ್ರಪ್ಪ ನಡುಮನೆಯಿಂದ.

"ನೀವು ಸುಮ್ಮನಿರ್ರಿ ಅಪ್ಪಾ."

ಚನ್ನಬಸವ್ವ ಆಗಲೇ ಎದ್ದಿದ್ದಳು. ಕೋಲೂರಿ ಬಚ್ಚಲಿಗೆ ಬಂದು, ಕೋಲನ್ನು ಹೊಸಿಲ ಹೊರಗೇ ಒರಗಿಸಿದಳು. ಮಣೆಯ ಮೇಲೆ ಕೂತು ಸೀರೆ ಮೊಣಕಾಲ ಮೇಲೆ ಸರಿಸಿ ಕಾಲು ಚಾಚಿದಳು. ಮೊಣಕೈ ಅದ್ದಿ ನೀರಿನ ಹದ ನೋಡಿದಳು. "ಒಂದು ತಂಬಿಗಿ ತಣ್ಣೀರು ಬೆರಸು," ಎಂದಳು, ಕಾಶವ್ವ ಬೆರೆಸಿದಳು. ಆ ಹದ ಸರಿಯಾಗಿತ್ತು. ಕೈಗೆ ಎಲ್ಲವೂ ನೆನಪಿತ್ತು.

ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡಳು. ಎಣ್ಣೆ ಹಚ್ಚಿದ ಅಂಗೈಯನ್ನು ಆ ಪುಟ್ಟ ಬೆನ್ನಿನ ಮೇಲೆ ಒಮ್ಮೆ ಎಳೆದು ಪದ ಎತ್ತಿದಳು: "ಕಾಲೆಂಬ ತೊಟ್ಟಿಲಕ..."

ತೊಡೆಯಿಂದ ಸಣ್ಣ ನಡುಕವೊಂದು ಹೊರಟಿತು. ಅವಳು ಕಾಲು ಬಿಗಿ ಹಿಡಿದಳು. ಬಿಗಿ ಹಿಡಿದಷ್ಟೂ ನಡುಕ ಹೆಚ್ಚಿತು. ಎರಡೂ ಕಾಲುಗಳ ನಡುವೆ ಸಂದು ಬಿಟ್ಟಿತು. ಎಣ್ಣೆ ಹತ್ತಿದ ಕೂಸು ಒಂದು ಬೆರಳಿನಷ್ಟು ಕೆಳಗೆ ಸರಿಯಿತು. ಬೇರೆ ಯಾರಿಗೂ ಕಾಣುವಷ್ಟಿರಲಿಲ್ಲ. ಚನ್ನಬಸವ್ವನ ಕೈ ಗಪ್ಪನೆ ಕೂಸಿನ ಟೊಂಕ ಹಿಡಿಯಿತು. ಕೂಸು ಅಳಲೂ ಇಲ್ಲ.

"ಕಾಶೀ," ಎಂದಳು. "ಕೂಸು ತಗೋ."

"ಇನ್ನೂ ನೀರ ಹಾಕಿಲ್ಲಲ್ರಿ..."

"ತಗೋ ಅಂದ್ನೆಲ್ಲ."

ಕಾಶವ್ವ ಎತ್ತಿಕೊಂಡಳು. ಚನ್ನಬಸವ್ವ ಚಾಚಿದ ತನ್ನ ಕಾಲುಗಳನ್ನು ನೋಡುತ್ತ ಕೂತಿದ್ದಳು. ಅವು ಇನ್ನೂ ನಡುಗುತ್ತಿದ್ದವು. ಕೋಣೆಯಲ್ಲಿ ಸುಲಭಾ, "ಪದಾ ಯಾಕ ನಿಲ್ಲಿಸಿದಿ ಆಯೀ?" ಎಂದು ಕೇಳುತ್ತಿದ್ದಳು.

ಮರುದಿನ ಶಿವಪುತ್ರಪ್ಪ ಕಸಬಾ ಪೇಠೆಯಿಂದ ಒಬ್ಬ ಮರಾಠಿ ಹೆಂಗಸನ್ನು ಗೊತ್ತುಮಾಡಿದ. ಹೆಸರು ಗೋದಾಬಾಯಿ. ಮಳೆಯಲ್ಲಿ ತಲೆಗೆ ಗೋಣಿ ಹಾಕಿಕೊಂಡು ಬರಿಗಾಲಲ್ಲಿ ಸರಸರ ಬಂದಳು. ಕಾಲು ತೊಳೆದು ಬಚ್ಚಲಿಗೆ ಹೋಗಿ ಮಣೆಯ ಮೇಲೆ ಕೂತು ಕಾಲು ಚಾಚಿದಳು. ಬೆತ್ತದಂಥ ಕಾಲು, ನರ ಎದ್ದು ಕಾಣುತ್ತಿತ್ತು. ಕೂಸು ಅಲುಗದೆ ಮಲಗಿತು.

ಕಾಶವ್ವ ನೀರು ಕೊಡುತ್ತ ಮರಾಠಿಯಲ್ಲಿ ಅವಳ ವಯಸ್ಸು ಕೇಳಿದಳು. ಯಾರಿಗೆ ಗೊತ್ತು ತಾಯೀ ಎಂದಳು ಗೋದಾಬಾಯಿ. ಪುಣೆಗೆ ಪ್ಲೇಗು ಬಂದ ವರ್ಷ ಮೂವತ್ತೈದಿರಬೇಕು. ಆ ವರ್ಷವೇ ಗಂಡ ಹೋದ.

ಕಾಶವ್ವ ಬೆರಳಲ್ಲಿ ಎಣಿಸಿದಳು. ಪ್ಲೇಗಿನ ವರ್ಷ ಅತ್ತೆಗೆ ಮೂವತ್ತು. ಎಷ್ಟೋ ಸಲ ಹೇಳಿದ್ದರು. ಅವಳು ಕೈಯಲ್ಲಿದ್ದ ತಂಬಿಗೆಯನ್ನು ಕೆಳಗಿಟ್ಟಳು.

"ಆಣಿ ಅಜೂನ ಕಾಮ ಕರತಾ?" ಇನ್ನೂ ಕೆಲಸ ಮಾಡುತ್ತೀರಲ್ಲ ಎಂದು ಕೇಳಿದಳು.

ಗೋದಾಬಾಯಿ ನಕ್ಕಳು. ಬಾಯಲ್ಲಿ ಎರಡೇ ಹಲ್ಲು. "ಕಾಯ ಕರಣಾರ? ಮಲಾ ಮುಲಗಾ ನಾಹೀ." ಏನು ಮಾಡುವುದು, ನನಗೆ ಮಗನಿಲ್ಲ.

ನಡುಮನೆಯಲ್ಲಿ ಶಿವಪುತ್ರಪ್ಪ ಕೋಟಿನ ಗುಂಡಿ ಹಾಕುತ್ತಿದ್ದ. ಅವನ ಕೈ ಒಂದು ಗುಂಡಿಯ ಮೇಲೆ ನಿಂತು, ಮತ್ತೆ ಮುಂದಿನದಕ್ಕೆ ಹೋಯಿತು.

ಕೂಸಿನದಾಯಿತು, ಬಾಣಂತಿಯದಾಯಿತು. ಹಂಡೆಯಲ್ಲಿ ಇನ್ನೂ ನೀರು ಉಳಿದಿತ್ತು. ಹೊರಗೆ ಬಂದ ಗೋದಾಬಾಯಿ ಮಂಚದ ಮೇಲೆ ಕೂತಿದ್ದ ಮುದುಕಿಯನ್ನೂ ಗೋಡೆಗೆ ಒರಗಿದ ಕೋಲನ್ನೂ ನೋಡಿ ಯಜಮಾನನನ್ನು ಕೇಳಿದಳು: ನೀರು ಉಳಿದಿದೆ, ಈ ಆಜೀಗೂ ಹಾಕಿಬಿಡಲೇ?

"ಹೋ, ತ್ಯಾಂನಾಹೀ ಘಾಲಾ," ಎಂದ ಶಿವಪುತ್ರಪ್ಪ. ಆಮೇಲೆ ತಾಯಿಯ ಕಡೆ ತಿರುಗಿ, "ಅವ್ವಾ, ಆಕಿ ನಿನಗೂ ಎರೀತಾಳ. ಹೋಗು. ಕಾಶೀಗೂ ಒಂದು ಕೆಲಸ ಕಡಿಮಿ ಆಗ್ತದ."

ಚನ್ನಬಸವ್ವ ಕಾಶವ್ವನ ಮುಖ ನೋಡಿದಳು. ಕಾಶವ್ವ ಸೆರಗು ಸರಿಮಾಡಿಕೊಂಡು, ಗಿರಣಿಗೆ ಹೋಗಬೇಕೆಂದು ಜೋಳದ ಬುಟ್ಟಿ ತೆಗೆದುಕೊಂಡು ಹೊರಗೆ ನಡೆದಳು.

ಗೋದಾಬಾಯಿ ಅವಳ ರಟ್ಟೆ ಹಿಡಿದು ಎಬ್ಬಿಸಿದಳು. ಅನುಭವದ ಹಿಡಿತ, ನೋಯಿಸಲಿಲ್ಲ. ಮಣೆಯ ಮೇಲೆ ಕೂರಿಸಿ, ಎಣ್ಣೆ ತಿಕ್ಕಿ, ಹಂಡೆಯಿಂದ ನೇರವಾಗಿ ತಂಬಿಗೆ ತುಂಬಿ ಬೆನ್ನ ಮೇಲೆ ಹೊಯ್ದಳು.

"ಸುಡತಾವ," ಎಂದಳು ಚನ್ನಬಸವ್ವ. "ನೀರು ಸುಡತಾವ. ಮೊಣಕೈ ಅದ್ದಿ ನೋಡಬೇಕವಾ, ಬರೇ ಬೆರಳಲ್ಲ. ಕೂಸಿಗೆ ಹಿಂಗ ಹಾಕೀಯಾ."

ಗೋದಾಬಾಯಿಗೆ ಒಂದು ಅಕ್ಷರವೂ ತಿಳಿಯಲಿಲ್ಲ. "ಹೋ ಹೋ," ಎನ್ನುತ್ತ ಇನ್ನೊಂದು ತಂಬಿಗೆ ತುಂಬಿದಳು.

ಹೊರಗಿನಿಂದ ಶಿವಪುತ್ರಪ್ಪ ಕೂಗಿದ, "ಗೋದಾಬಾಯಿ, ಪಾಣೀ ಗರಮ ಆಹೇ, ಥಂಡ ಮಿಸಳಾ!"

ಗೋದಾಬಾಯಿ ತಣ್ಣೀರು ಬೆರೆಸಿದಳು. ಒದ್ದೆಯಾದ ಬಿಳಿ ಕೂದಲು ಮುಖದ ಮೇಲೆ ಬಿದ್ದಿದ್ದನ್ನು ಸರಿಸದೆ ಚನ್ನಬಸವ್ವ ಬಾಗಿಲ ಕಡೆ ದನಿಯೆತ್ತಿ ಕೇಳಿದಳು, "ಇಷ್ಟು ಮರಾಠಿ ನಿನಗ ಅವತ್ತ ಯಾಕ ಬರಲಿಲ್ಲಪಾ, ಶಿವಪುತ್ರಾ?"

ಒಳಗಿನ ಕೋಣೆಯಲ್ಲಿ ಲೋಬಾನದ ಹೊಗೆಗೆ ಕೂಸು ಸೀನಿತು.

"ಕಾಯ ಮ್ಹಣತಾತ ಆಜೀ?" ಎಂದಳು ಗೋದಾಬಾಯಿ, ತಂಬಿಗೆ ಎತ್ತಿ ಹಿಡಿದು. ಏನನ್ನುತ್ತಾರೆ ಇವರು?

ಶಿವಪುತ್ರಪ್ಪ ರುಮಾಲು ಇಟ್ಟುಕೊಂಡು, ಛತ್ರಿ ತೆಗೆದುಕೊಂಡು, ಹೊಸಿಲಲ್ಲಿ ಚಪ್ಪಲಿ ಮೆಟ್ಟುತ್ತ ಹೇಳಿದ, "ಕಾಹೀ ನಾಹೀ. ಆರಾಮ ವಾಟತೋ ಮ್ಹಣತಾತ."

ಏನಿಲ್ಲ, ಆರಾಮ ಅನಿಸುತ್ತದೆ ಅನ್ನುತ್ತಾರೆ. ಗೋದಾಬಾಯಿ ಸಂತೋಷದಿಂದ ತಲೆಯಾಡಿಸಿ ನೀರು ಹೊಯ್ದಳು.